ಗಾಡಿ ಹೋಯಿತು, ಹೆಸರು ಉಳಿಯಿತು!

ರಾಯಚೂರಿನ ತೀನ್ ಕಂದಿಲ್ ಕಡೆ ಸಂಜೆ ಹೊತ್ತು ಗಲ್ಲಾದ ಮುಂದೆ ಕೂತವರಿಗೆ ಒಂದು ಸದ್ದಿನ ಪರಿಚಯ ಇದ್ದೇ ಇರುತ್ತದೆ. ಮೊದಲು ಕಟಕಟ, ಆಮೇಲೆ ರೊಂಯ್ಯೆಂದು ಬೀದಿ ಸೀಳಿಕೊಂಡು ಹೋಗುವ ಸದ್ದು. ಹಿಂದೆ ನೀಲಿ ಹೊಗೆ, ಸುಟ್ಟ ಎಣ್ಣೆಯ ವಾಸನೆ. ತಲೆ ಎತ್ತಿ ನೋಡಬೇಕಾಗಿಲ್ಲ. "ಆರೆಕ್ಸ್ ಹೋತು" ಎಂದು ಅಂಗಡಿಯ ಹುಡುಗನೇ ಹೇಳುತ್ತಾನೆ.

ಯಮಹಾ ಆರ್‌ಎಕ್ಸ್ 100 ತಯಾರಿಕೆ ನಿಂತದ್ದು 1996ರಲ್ಲಿ. ನಿಂತು ಮೂವತ್ತು ವರ್ಷವಾಗುತ್ತ ಬಂದರೂ ಗಾಡಿಯ ಬೆಲೆ ಇಳಿಯುವುದು ಬಿಟ್ಟು ಏರುತ್ತಲೇ ಇದೆ. ಪೇಂಟು ಹೊಡೆಸಿ, ಕ್ರೋಮ್ ಹೊಳಪು ಕೊಟ್ಟು, ಸೈಲೆನ್ಸರ್ ಬದಲಿಸಿ ನಿಲ್ಲಿಸಿದ ಗಾಡಿಗೆ ಲಕ್ಷದ ಮೇಲಿನ ಮಾತು ನಡೆಯುತ್ತದೆ. ಷೋರೂಮಿನ ಹೊಸ ಗಾಡಿ ಅದಕ್ಕಿಂತ ಸೋವಿ! ಮಾನ್ವಿಯ ರೈಸ್‌ಮಿಲ್ಲಿನ ಗೋಡೌನಿನಲ್ಲಿ, ದೇವದುರ್ಗದ ಹಳ್ಳಿಯ ದನದ ಕೊಟ್ಟಿಗೆಯಲ್ಲಿ ತಾಡಪತ್ರಿ ಹೊದ್ದು ಮಲಗಿದ ಗಾಡಿಗಳನ್ನೂ ಹುಡುಕಿಕೊಂಡು ಬರುವವರಿದ್ದಾರೆ. "ಕಾಕಾ, ಹಳೇ ಆರೆಕ್ಸ್ ಕೊಡ್ತೀರೇನು?" ಎಂದು ಕೇಳುವ ಹುಡುಗರಿಗೆ ಕಾಕಾ ಖುಷಿಯಿಂದಲೇ ಕೊಡುತ್ತಾನೆ. ಮೂಲೆಯಲ್ಲಿ ಇಲಿ ಕಡಿಯುತ್ತಿದ್ದ ಕಬ್ಬಿಣಕ್ಕೆ ರೊಕ್ಕ ಬಂತಲ್ಲ!

ಕಾಕಾನ ತಾಪತ್ರಯ ಶುರುವಾಗುವುದು ಅಲ್ಲಿಂದಲೇ.

ಜಪಾನಿ ಹುಚ್ಚು ಬಂದ ಬಗೆ

ಈ ಹುಚ್ಚು ನಿನ್ನೆ ಮೊನ್ನೆಯದಲ್ಲ. 1983ರ ಡಿಸೆಂಬರಿನಲ್ಲಿ ಸುಜುಕಿಯ ಕೈ ಹಿಡಿದು ಮಾರುತಿ 800 ರಸ್ತೆಗಿಳಿಯಿತು. ಅದೇ ವರ್ಷ ಎಸ್ಕಾರ್ಟ್ಸ್ ಕಂಪನಿ ಯಮಹಾದ ಆರ್‌ಡಿ 350 ಗಾಡಿಯನ್ನು ರಾಜದೂತ್ 350 ಎಂಬ ಹೆಸರಿನಲ್ಲಿ ತಂದಿತು. ಮೂವತ್ತು ಕುದುರೆ ಶಕ್ತಿಯ ಆ ಗಾಡಿ ಕುಡಿಯುವ ಪೆಟ್ರೋಲಿಗೆ ಹೆದರಿ ಜನ ದೂರ ಸರಿದರು. ಇಂದು ಅದಕ್ಕೂ ಮುಗಿಬೀಳುತ್ತಾರೆ, ಅದು ಬೇರೆ ಮಾತು. ಬೆನ್ನಿಗೇ ಇಂಡ್-ಸುಜುಕಿ, ಹೀರೋ ಹೋಂಡಾ, ಕವಾಸಾಕಿ ಬಜಾಜ್. 1985ರ ನವೆಂಬರಿನಲ್ಲಿ ಆರ್‌ಎಕ್ಸ್ 100. ಮೊದಮೊದಲ ಗಾಡಿಗಳನ್ನು ಜಪಾನಿನಿಂದ ಬಂದ ಬಿಡಿಭಾಗಗಳನ್ನೇ ಇಲ್ಲಿ ಜೋಡಿಸಿ ಕೊಟ್ಟರು. ಇವತ್ತಿಗೂ "ಜಪಾನ್ ಇಂಜಿನ್ ಅದರಿ" ಎಂದರೆ ಬೆಲೆ ಒಂದು ಮೆಟ್ಟಿಲು ಮೇಲೆ ಹತ್ತುತ್ತದೆ. ಅಂಥ ಮಾತು ಹೇಳುವ ಹತ್ತರಲ್ಲಿ ಎಷ್ಟು ಮಂದಿಯ ಗಾಡಿಯಲ್ಲಿ ಜಪಾನಿನ ಕಬ್ಬಿಣ ಉಳಿದಿದೆಯೋ, ಮಿಸ್ತ್ರಿಗೇ ಗೊತ್ತು.

98 ಸಿಸಿ, 11 ಕುದುರೆ ಶಕ್ತಿ, ನಾಲ್ಕು ಗೇರು, ತೂಕ ಸುಮಾರು ನೂರು ಕಿಲೋ. ಹಗುರ ಗಾಡಿ, ಜೋರಿನ ಇಂಜಿನ್ನು. ಗುಟ್ಟು ಇಷ್ಟೇ. ಗಬ್ಬೂರು ರಸ್ತೆಯಲ್ಲಿ ದೇವದುರ್ಗದ ಬಸ್ಸನ್ನು ಹಿಂದೆ ಹಾಕಿ ಹೋಗುವುದೇ ಆಗಿನ ಹುಡುಗರಿಗೆ ಒಂದು ಪರಾಕ್ರಮ. ಬಸ್ಸಿನೊಳಗೆ ಕೂತವರಿಗೆ ಧೂಳು, ಹೊರಗಿದ್ದವನಿಗೆ ಮೀಸೆ. ಎರಡು ಸ್ಟ್ರೋಕಿನ ಇಂಜಿನ್ನು ಎಣ್ಣೆಯನ್ನೂ ಪೆಟ್ರೋಲನ್ನೂ ಕೂಡಿಸಿ ಸುಡುತ್ತದೆ. ಹೊಗೆಯ ಕಾನೂನು ಬಿಗಿಯಾದಂತೆ ಅದಕ್ಕೆ ಉಳಿಗಾಲವಿಲ್ಲವಾಯಿತು, 1996ಕ್ಕೆ ಮುಗಿಯಿತು. ಆಮೇಲೆ ಬಂದ ಆರ್‌ಎಕ್ಸ್ 135 ಕೂಡ ಹೆಚ್ಚು ಕಾಲ ನಿಲ್ಲಲಿಲ್ಲ.

ಆದರೆ ಆ 135ರ ಇಂಜಿನ್ನಿನ ಬ್ಲಾಕು ಇಂದಿಗೂ ಬಹಳ ಗಾಡಿಗಳ ಹೊಟ್ಟೆಯೊಳಗಿದೆ. ಆರ್.ಸಿ.ಯಲ್ಲಿ ನೂರು ಸಿಸಿ, ಓಡುವುದು ನೂರ ಮೂವತ್ತು! "ಏನೂ ಮಾಡಿಲ್ರೀ, ಲೈಟಾಗಿ ಮಾಡ್ಸೀನಿ" ಎನ್ನುವ ಮಾತಿನಲ್ಲಿ ಅಡಗಿರುವುದು ಇದೇ.

ನಿಜವಾದ ಜಪಾನಿ ಸ್ಪೋರ್ಟ್ಸ್ ಕಾರು ಎಲ್ಲಿ?

ಹೈದರಾಬಾದು, ಬೆಂಗಳೂರು ಕಡೆ ಓಡಾಡುವ ಹುಡುಗರು ಮೊಬೈಲಿನಲ್ಲಿ ಜಪಾನಿ ಸ್ಪೋರ್ಟ್ಸ್ ಕಾರಿನ ಚಿತ್ರ ತೋರಿಸಿ "ಇಷ್ಟಕ್ಕೇ ಸಿಗ್ತದಂತ" ಎಂದು ಕಣ್ಣರಳಿಸುವುದುಂಟು. ನಿಸಾನ್ ಕಂಪನಿಯ ಜಿಟಿ-ಆರ್ ಕಾರನ್ನು 2016ರ ಡಿಸೆಂಬರಿನಲ್ಲಿ ಭಾರತದಲ್ಲಿ ಬಿಡುಗಡೆ ಮಾಡಿದಾಗ ಷೋರೂಮ್ ಬೆಲೆಯೇ 1.99 ಕೋಟಿ. ಮಾನ್ವಿ ತಾಲೂಕಿನಲ್ಲಿ ಎಷ್ಟು ಎಕರೆ ನೀರಾವರಿ ಜಮೀನು ಮಾರಬೇಕೋ ಓದುಗರೇ ಲೆಕ್ಕ ಹಾಕಲಿ. ಆ ಮಾದರಿಯ ತಯಾರಿಕೆಯನ್ನೂ 2025ರ ಆಗಸ್ಟಿನಲ್ಲಿ ಜಪಾನಿನಲ್ಲಿ ನಿಲ್ಲಿಸಿದರು.

ಹಾಗಾದರೆ ಹಳೆಯದನ್ನು ಅಲ್ಲಿಂದಲೇ ತರಿಸಬಾರದೇ? ಬರುವುದಿಲ್ಲ. ಪರದೇಶದ ಸೆಕೆಂಡ್ ಹ್ಯಾಂಡ್ ಕಾರು ತಯಾರಾಗಿ ಮೂರು ವರ್ಷ ದಾಟಿರಬಾರದು, ಸ್ಟೇರಿಂಗು ಬಲಗಡೆ ಇರಬೇಕು, ಮುಂಬಯಿ ಬಂದರಿನಿಂದಲೇ ಇಳಿಯಬೇಕು ಎಂಬುದು ಆಮದು ನಿಯಮ. ಮೇಲೆ ಬೀಳುವ ಸುಂಕ ಕಾರಿನ ಬೆಲೆಗಿಂತಲೂ ಹೆಚ್ಚು. ಪ್ರವಾಸಿಗಳು ಕಾರ್ನೆಟ್ ಎಂಬ ಕಾಗದದ ಮೇಲೆ ತಾತ್ಕಾಲಿಕವಾಗಿ ತಂದ ಕಾರು ವಾಪಸು ಹೋಗಲೇಬೇಕು. ಅಂದ ಮೇಲೆ ಇಪ್ಪತ್ತು ವರ್ಷದ ಹಿಂದಿನ ಜಪಾನಿ ಕಾರೊಂದು ಹತ್ತೋ ಹದಿನೈದೋ ಲಕ್ಷಕ್ಕೆ ಕೈಗೆ ಬರುತ್ತದೆ ಎಂದರೆ, ಕಾರಿಗಿಂತ ಮೊದಲು ಅದರ ಕಾಗದವನ್ನು ಮೂಸಿ ನೋಡಬೇಕು.

ಮೂಸಿ ನೋಡದವರಿಗೆ ಏನಾಯಿತೆಂದು 2025ರ ಸೆಪ್ಟೆಂಬರಿನಲ್ಲಿ ಕೇರಳದಲ್ಲಿ ಕಂಡಿತು. ಭೂತಾನಿನಿಂದ ಕಳ್ಳದಾರಿಯಲ್ಲಿ ಬಂದವೆಂದು ಲ್ಯಾಂಡ್ ಕ್ರೂಸರ್ ಮುಂತಾದ ಗಾಡಿಗಳನ್ನು ಕಸ್ಟಮ್ಸ್‌ನವರು ಹಿಡಿದರು. ಕಾರ್ಯಾಚರಣೆಗೆ ಅವರಿಟ್ಟ ಹೆಸರು ನುಮ್ಖೋರ್. ಭೂತಾನಿ ಭಾಷೆಯಲ್ಲಿ ವಾಹನ ಎಂದೇ ಅರ್ಥ. ಮೊದಲ ದಿನವೇ 36 ವಾಹನ ವಶ. ಸಿನಿಮಾ ನಟರ ಮನೆಗಳಿಗೂ ಹೋದರು. ಸುಳ್ಳು ಕಾಗದ ಸೃಷ್ಟಿಸಿ ದೂರದ ರಾಜ್ಯಗಳಲ್ಲಿ ನೋಂದಣಿ ಮಾಡಿಸಿದ್ದರೆಂಬುದು ಅಧಿಕಾರಿಗಳ ಆರೋಪ. ಕೊಂಡವರಲ್ಲಿ ಕೆಲವರು ತಾವು ನಂಬಿ ಕೊಂಡೆವು ಎಂದರು. ನಂಬಿದ್ದೇನೋ ನಿಜವಿರಬಹುದು. ಗಾಡಿ ಮಾತ್ರ ಕಸ್ಟಮ್ಸ್ ಅಂಗಳದಲ್ಲಿ ನಿಂತಿತು.

ರಾಯಚೂರಿಗೆ ಹತ್ತಿರದ ತೊಂದರೆ ಭೂತಾನಿನದಲ್ಲ, ಕೃಷ್ಣೆಯ ಆಚೆಯದು. ತೆಲಂಗಾಣದ ನಂಬರಿನ ಹಳೇ ಹೋಂಡಾ, ಟೊಯೊಟಾ ಕಾರುಗಳು ಹೈದರಾಬಾದಿನಿಂದ ಸಲೀಸಾಗಿ ಬರುತ್ತವೆ. ಟಿ.ಎಸ್. ನಂಬರು 2024ರ ಮಾರ್ಚಿನಲ್ಲಿ ಟಿ.ಜಿ. ಆಯಿತು, ಅದರ ಹಿಂದಿನದು ಎ.ಪಿ. ಯಾವುದೇ ಇರಲಿ, ಹೊರರಾಜ್ಯದ ಗಾಡಿ ಹನ್ನೆರಡು ತಿಂಗಳಿಗಿಂತ ಹೆಚ್ಚು ಇಲ್ಲಿದ್ದರೆ ಇಲ್ಲಿಯ ನಂಬರು ಪಡೆಯಬೇಕೆಂದು ಮೋಟಾರು ವಾಹನ ಕಾಯ್ದೆಯ 47ನೇ ಕಲಮು ಹೇಳುತ್ತದೆ. ಅಂದರೆ ಕೆಎ-36. ಅದರ ಜೊತೆಗೆ ಕರ್ನಾಟಕದ ಲೈಫ್ ಟ್ಯಾಕ್ಸು. ಹೊಸ ಕಾರಿಗೆ ಐದು ಲಕ್ಷದವರೆಗೆ ಶೇ. 13, ಹತ್ತರವರೆಗೆ 14, ಇಪ್ಪತ್ತರವರೆಗೆ 17, ಅದರ ಮೇಲೆ 18, ಮೇಲೆ ಸೆಸ್ಸು ಬೇರೆ. ಗಾಡಿ ಹಳೆಯದಾದಷ್ಟೂ ತೆರಿಗೆ ಇಳಿಯುತ್ತದೆ, ಆದರೆ ಸೊನ್ನೆಯಾಗುವುದಿಲ್ಲ. "ಅಲ್ಲಿ ಸೋವಿ ಸಿಕ್ತು" ಎಂದು ತಂದವನು ಈ ಲೆಕ್ಕ ಕೂಡಿಸಿರುವುದಿಲ್ಲ. 2025ರ ಫೆಬ್ರವರಿಯಲ್ಲಿ ಬೆಂಗಳೂರಿನಲ್ಲಿ ಸಾರಿಗೆ ಇಲಾಖೆಯವರು ಒಂದೇ ದಿನ ಫೆರಾರಿ, ಪೋರ್ಷೆ ಸೇರಿ 30 ಐಷಾರಾಮಿ ಕಾರು ಹಿಡಿದದ್ದು ಇದೇ ತೆರಿಗೆಯ ಬಾಬ್ತು. ಕೋಟ್ಯಧೀಶರನ್ನೇ ಬಿಡದವರು ಗಂಜ್‌ನ ಅಡತಿಯವರನ್ನು ಬಿಡುತ್ತಾರೆಯೇ?

'ಲೈಟಾಗಿ' ಎಂದರೆ ಎಷ್ಟು?

ಇನ್ನು ಮಾರ್ಪಾಡಿನ ಸಂಗತಿ. ಕಾಯ್ದೆಯ 52ನೇ ಕಲಮಿನಲ್ಲಿ ಇದು ಸ್ಪಷ್ಟವಾಗಿದೆ. ತಯಾರಿಸಿದ ಕಂಪನಿ ಹೇಳಿದ ವಿವರಕ್ಕೂ ಆರ್.ಸಿ.ಯಲ್ಲಿರುವ ವಿವರಕ್ಕೂ ವ್ಯತ್ಯಾಸ ಬರುವಂತೆ ಮಾಲೀಕ ಗಾಡಿಯನ್ನು ಬದಲಿಸಕೂಡದು. ರಾಜ್ಯದ ನಿಯಮದ ಬಲದ ಮೇಲೆ ಬದಲಾವಣೆ ಮಾಡಬಹುದೆಂದು ಕೇರಳ ಹೈಕೋರ್ಟು ಒಪ್ಪಿತ್ತು. 2019ರ ಜನವರಿ 9ರಂದು ಸುಪ್ರೀಂ ಕೋರ್ಟು ಅದನ್ನು ತಳ್ಳಿಹಾಕಿತು. ಗಾಡಿಯ ಮೂಲ ಲಕ್ಷಣ ಬದಲಾಗುವಂಥ ರಚನೆಯ ಬದಲಾವಣೆಯೇ ಕಾಯ್ದೆ ಹೇಳುವ ಮಾರ್ಪಾಡು. ಬಣ್ಣ ಬದಲಿಸಿದರೆ ಅಪರಾಧವಲ್ಲ, ಆದರೆ ಆರ್.ಸಿ.ಯಲ್ಲಿ ಬರೆಸಬೇಕು. ಸೀಟಿಗೆ ಹೊಸ ಹೊದಿಕೆ ಹಾಕಿದರೆ ಯಾರೂ ಕೇಳುವುದಿಲ್ಲ. ಇಂಜಿನ್ನು ಕೆಟ್ಟರೆ ಅದೇ ಕಂಪನಿಯ ಅದೇ ಜಾತಿಯದನ್ನು ಕೂಡಿಸಿಕೊಳ್ಳಲು ಆರ್.ಟಿ.ಓ. ಅನುಮತಿ ಕೊಡಬಹುದು. ನೂರರ ಜಾಗಕ್ಕೆ ನೂರ ಮೂವತ್ತೈದನ್ನು ಮಿಸ್ತ್ರಿಯ ಕೈಚಳಕದಿಂದ ಕೂಡಿಸಿದರೆ ಆ ಅನುಮತಿಯ ಮಾತೇ ಬರುವುದಿಲ್ಲ.

2019ರ ತಿದ್ದುಪಡಿಯ ನಂತರ 182-ಎ ಎಂಬ ಕಲಮು ಬಂತು. ಮಾಲೀಕ ಹೀಗೆ ಬದಲಿಸಿದರೆ ಒಂದೊಂದು ಬದಲಾವಣೆಗೂ ಐದು ಸಾವಿರ ದಂಡ, ಇಲ್ಲವೇ ಆರು ತಿಂಗಳವರೆಗೆ ಸಜೆ, ಇಲ್ಲವೇ ಎರಡೂ. ಒಂದೊಂದಕ್ಕೂ ಎನ್ನುವುದನ್ನು ಮರೆಯಬಾರದು. ಮಾರಾಟಗಾರ ಡೀಲರು ಹಾಗೆ ಮಾಡಿದರೆ ಒಂದು ಗಾಡಿಗೆ ಒಂದು ಲಕ್ಷ, ಇಲ್ಲವೇ ವರ್ಷದವರೆಗೆ ಜೈಲು. ಸದ್ದು-ಹೊಗೆಯ ಮಿತಿ ಮೀರಿದರೆ 190ನೇ ಕಲಮು ಬೇರೆ ಕಾದಿದೆ. ರಾಜ್ಯದ ಹಲವು ಊರುಗಳಲ್ಲಿ ಪೊಲೀಸರು ಕಿತ್ತ ಸೈಲೆನ್ಸರುಗಳನ್ನು ರಸ್ತೆ ಮೇಲೆ ಸಾಲಾಗಿ ಮಲಗಿಸಿ ರೋಡ್ ರೋಲರ್ ಹರಿಸಿದ್ದನ್ನು ಜನ ಕಂಡಿದ್ದಾರೆ. ನೋಡಲು ಚೆಂದ, ಪತ್ರಿಕೆಗೆ ಒಳ್ಳೆ ಫೋಟೋ. ಆದರೆ ಅದೇ ಸೈಲೆನ್ಸರು ಅಂಗಡಿಯಲ್ಲಿ ರಾಜಾರೋಷವಾಗಿ ಮಾರಾಟವಾಗುವುದನ್ನು ಕೇಳುವವರು ಕಡಿಮೆ. ಹಾಕಿಕೊಂಡವನಿಗೆ ದಂಡ, ಕೊಟ್ಟವನಿಗೆ ಲಾಭ. ಇದ್ಯಾವ ನ್ಯಾಯವೋ!

ಕೊಳ್ಳುವವನಿಗೆ ಇದರಿಂದ ಏನು? ಗಾಡಿ ತನ್ನದಾದ ದಿನದಿಂದ ಆ ಬದಲಾವಣೆಯೂ ತನ್ನದೇ. "ಹಿಂದಿನವ ಮಾಡ್ಸಿದ್ದರಿ ಸಾಹೇಬ್ರ" ಎಂದರೆ ನಡುರಸ್ತೆಯಲ್ಲಿ ಯಾರೂ ಒಪ್ಪುವುದಿಲ್ಲ. ಗಾಡಿಗೆ ಪೆಟ್ಟಾದಾಗ ವಿಮೆಯವರು ಬಂದು ನೋಡುವುದೂ ಇದನ್ನೇ. ತಿಳಿಸದೆ ಮಾಡಿಸಿದ ಬದಲಾವಣೆ ಕಂಡರೆ ರಿಪೇರಿ ಹಣಕ್ಕೆ ಅಡ್ಡಿ ಬರುತ್ತದೆ.

ಎತ್ತಿನ ವ್ಯಾಪಾರವಲ್ಲ ಇದು

ದನದ ಸಂತೆಯಲ್ಲಿ ಟವೆಲಿನ ಕೆಳಗೆ ಬೆರಳು ಹಿಡಿದು ಬೆಲೆ ಕುದುರಿಸಿ, ಹಗ್ಗ ಕೈಗಿಟ್ಟರೆ ಎತ್ತು ಅವನದು. ಆಮೇಲೆ ಅದು ಯಾರಿಗೆ ಹಾಯ್ದರೂ ಹಳೇ ಮಾಲೀಕನನ್ನು ಕೇಳುವವರಿಲ್ಲ. ಈ ಜಿಲ್ಲೆಯ ಜನ ಗಾಡಿಯನ್ನೂ ಹಾಗೇ ಮಾರುತ್ತಾರೆ. ರೊಕ್ಕ ಎಣಿಸಿಕೊಂಡು, ಕೀಲಿಕೈ ಕೊಟ್ಟು, ನೂರು ರೂಪಾಯಿ ಬಾಂಡ್ ಪೇಪರಿನ ಮೇಲೆ ಇಬ್ಬರು ಸಾಕ್ಷಿಗಳ ಸಹಿ ಹಾಕಿಸಿ, ಮೇಲೊಂದು ಚಹಾ ಕುಡಿದರೆ ಮುಗಿಯಿತು. ಟ್ರಾನ್ಸ್‌ಫರ್ ಫಾರಮ್ಮಿಗೆ ಸಹಿ ಮಾಡುತ್ತಾರೆ, ಖಾಲಿ ಬಿಟ್ಟು! ಕೊಂಡವನು ಅದನ್ನು ಮಡಿಚಿ ಜೇಬಿಗಿಡುತ್ತಾನೆ. ಮುಂದಿನ ಗಿರಾಕಿಗೆ ಅದೇ ಖಾಲಿ ಫಾರಮ್ಮು ದಾಟುತ್ತದೆ. ಗಾಡಿ ಮಾನ್ವಿಯಿಂದ ಸಿಂಧನೂರಿಗೆ, ಅಲ್ಲಿಂದ ಬಳ್ಳಾರಿಗೆ, ಅಲ್ಲಿಂದ ಇನ್ನೆಲ್ಲಿಗೋ. ಹೆಸರು ಮಾತ್ರ ಮಾನ್ವಿಯ ಕಾಕಾನದೇ.

ಆ ಗಾಡಿ ಎಲ್ಲೋ ಒಬ್ಬರ ಮೇಲೆ ಹಾಯುತ್ತದೆ ಎನ್ನೋಣ. ವಿಮೆ ಮುಗಿದು ಎಷ್ಟೋ ವರ್ಷ. ಸತ್ತವರ ಮನೆಯವರು ಅಪಘಾತ ಪರಿಹಾರ ನ್ಯಾಯಮಂಡಳಿಗೆ ಹೋಗುತ್ತಾರೆ. ನೋಟೀಸು ಯಾರಿಗೆ ಬರುತ್ತದೆ? ಆರ್.ಸಿ.ಯಲ್ಲಿ ಹೆಸರಿದ್ದವರಿಗೆ.

ಹೆದರಿಸಲು ಕಟ್ಟಿದ ಕಥೆಯಲ್ಲ ಇದು. 2018ರ ಫೆಬ್ರವರಿ 6ರಂದು ಸುಪ್ರೀಂ ಕೋರ್ಟು ನವೀನ್ ಕುಮಾರ್ ವಿರುದ್ಧ ವಿಜಯ್ ಕುಮಾರ್ ಎಂಬ ಮೊಕದ್ದಮೆಯಲ್ಲಿ ತೀರ್ಪು ಕೊಟ್ಟಿದೆ. ನೋಂದಾಯಿತ ಮಾಲೀಕ ಗಾಡಿ ಮಾರಿದ್ದು 2007ರಲ್ಲಿ. ಅದು ಒಬ್ಬರಿಂದ ಒಬ್ಬರಿಗೆ ಕೈ ಬದಲಾಯಿಸಿತು. ಅಪಘಾತ 2009ರಲ್ಲಿ. ಆರ್.ಟಿ.ಓ. ದಫ್ತರಿನಲ್ಲಿ ಹೆಸರು ಬದಲಾಗಿರಲಿಲ್ಲ. ಕೊನೆಗೆ ಕೊಂಡವನೇ ಹೊಣೆಯೆಂದು ಹೈಕೋರ್ಟು ಹೇಳಿತ್ತು. ಸುಪ್ರೀಂ ಕೋರ್ಟು ಒಪ್ಪಲಿಲ್ಲ. ಕಾಯ್ದೆಯ ಪ್ರಕಾರ ಯಾರ ಹೆಸರಿನಲ್ಲಿ ನೋಂದಣಿ ಇದೆಯೋ ಅವನೇ ಮಾಲೀಕ, ಪರಿಹಾರದ ಹೊಣೆ ಅವನದೇ ಎಂದಿತು. ನೊಂದವರು ಗಾಡಿ ಯಾರಿಂದ ಯಾರಿಗೆ ಹೋಯಿತೆಂದು ಹುಡುಕುತ್ತ ಊರೂರು ಅಲೆಯಬೇಕಾಗಿಲ್ಲ ಎಂಬುದು ನ್ಯಾಯಮೂರ್ತಿಗಳ ವಾದ. ಸತ್ತವನ ಮನೆಯವರ ಕಡೆಯಿಂದ ನೋಡಿದರೆ ಸರಿಯಾದ ಮಾತೇ. ಬಾಂಡ್ ಪೇಪರು ಹಿಡಿದು ನಿಂತ ಕಾಕಾನ ಕಡೆಯಿಂದ ನೋಡಿದರೆ ಎದೆ ಒಡೆಯುವ ಮಾತು. ಆ ಬಾಂಡು ತೋರಿಸಿ ಕೊಂಡವನಿಂದ ವಸೂಲಿಗೆ ದಾವೆ ಹಾಕಲು ನೋಡಬಹುದು. ಮೊದಲು ತಾನು ಕಟ್ಟಿ, ಆಮೇಲೆ ಅವನನ್ನು ಹುಡುಕಿ!

ಹೆಸರು ಬದಲಿಸುವ ಕೆಲಸ ಅಷ್ಟು ಕಷ್ಟದ್ದೇ? 50ನೇ ಕಲಮಿನಂತೆ ಮಾರಿದವನು ಇದೇ ರಾಜ್ಯದೊಳಗಾದರೆ 14 ದಿನದಲ್ಲಿ, ಹೊರರಾಜ್ಯಕ್ಕಾದರೆ 45 ದಿನದಲ್ಲಿ ಆರ್.ಟಿ.ಓ.ಗೆ ತಿಳಿಸಬೇಕು. ಕೊಂಡವನಿಗೆ 30 ದಿನ. ಫಾರಂ 29 ಮಾರಿದವನದು, ಫಾರಂ 30 ಇಬ್ಬರ ಸಹಿಯದು. ಹೊರರಾಜ್ಯಕ್ಕೆ ಹೋಗುವುದಾದರೆ ಫಾರಂ 28ರ ಎನ್.ಓ.ಸಿ. ಮಾರಿದವನು 29ನೇ ಫಾರಂ ಕೊಟ್ಟು ರಸೀದಿ ಇಟ್ಟುಕೊಂಡರಷ್ಟೇ ಸಾಲದು, ಹೆಸರು ಬದಲಾಯಿತೋ ಇಲ್ಲವೋ ಎಂದು ಪರಿವಾಹನ್ ಆ್ಯಪಿನಲ್ಲಿ ನಂಬರು ಹಾಕಿ ನೋಡುವ ತನಕ ನಿದ್ದೆ ಮಾಡಬಾರದು. ದೇವದುರ್ಗದವನಾಗಲಿ ಮಾನ್ವಿಯವನಾಗಲಿ ಇದಕ್ಕಾಗಿ ಬಸ್ಸು ಹತ್ತಿ ರಾಯಚೂರಿಗೆ ಬರಬೇಕಿತ್ತು. ಒಂದು ದಿನದ ಕೂಲಿ, ಬಸ್ ಚಾರ್ಜು, ಏಜೆಂಟನ ಕೈಬಿಸಿ. ಆ ಸಂಕಟಕ್ಕೇ ಜನ ಬಾಂಡ್ ಪೇಪರಿಗೆ ಬಿದ್ದರು ಎಂದರೆ ತಪ್ಪಲ್ಲ. ಈಗ ಅರ್ಜಿಯೂ ಶುಲ್ಕವೂ ಕಂಪ್ಯೂಟರಿನಲ್ಲಾಗುತ್ತದೆ. ಆದರೂ ರೂಢಿ ಬಿಟ್ಟಿಲ್ಲ.

ಆಟೋ ಕನ್ಸಲ್ಟಿಂಗ್ ಬೋರ್ಡು ಹಾಕಿದವರಿಗೆ ಗಾಡಿ ಒಪ್ಪಿಸಿ ಬರುವವರಿಗೂ ಒಂದು ಮಾತು. 2023ರ ಏಪ್ರಿಲ್ 1ರಿಂದ ಜಾರಿಯಾದ ನಿಯಮದಂತೆ ಹಳೇ ಗಾಡಿ ವ್ಯಾಪಾರಿ ಆರ್.ಟಿ.ಓ.ಯಿಂದ ಅಧಿಕಾರಪತ್ರ ಪಡೆದಿರಬೇಕು. ಅಂಥವನಿಗೆ ಗಾಡಿ ಒಪ್ಪಿಸಿದ್ದನ್ನು ಇಲಾಖೆಗೆ ತಿಳಿಸಿದರೆ, ಅದು ಮಾರಾಟವಾಗುವ ತನಕ ಅವನೇ ಮಾಲೀಕನೆಂದು ಲೆಕ್ಕ. ಆ ಮಧ್ಯೆ ಅಪಘಾತವಾದರೆ ಹೊಣೆಯೂ ಅವನದೇ. ಗೋಡೆ ಮೇಲೆ ದೇವರ ಫೋಟೋ ಪಕ್ಕದಲ್ಲಿ ಆ ಪತ್ರ ಇದೆಯೋ ಇಲ್ಲವೋ ಕೇಳುವುದಕ್ಕೆ ನಾಚಿಕೆ ಯಾಕೆ?

ಮೂವತ್ತರ ಗಾಡಿಗೆ ಕಾಗದದ ಖರ್ಚು

ಕೊಳ್ಳುವವನ ಕಡೆಗೂ ಬರೋಣ. ಖಾಸಗಿ ಗಾಡಿಯ ನೋಂದಣಿ ಹದಿನೈದು ವರ್ಷಕ್ಕೆ. ಆಮೇಲೆ ಐದೈದು ವರ್ಷಕ್ಕೆ ನವೀಕರಣ. ಕೊನೆಯ ಆರ್‌ಎಕ್ಸ್ ಎಂದರೂ 1996ರದ್ದು. 2011ಕ್ಕೆ ಮೊದಲ ಗಡುವು, ಆಮೇಲೆ 2016, 2021, 2026. ಕೊಟ್ಟಿಗೆಯಲ್ಲಿದ್ದ ಗಾಡಿಗೆ ಇವುಗಳಲ್ಲಿ ಒಂದನ್ನಾದರೂ ಮಾಡಿಸಿದವರು ಯಾರು? ಮೊದಲು 300 ರೂಪಾಯಿ ಇದ್ದ ದ್ವಿಚಕ್ರದ ನವೀಕರಣ ಶುಲ್ಕ 2022ರ ಏಪ್ರಿಲಿನಿಂದ ಸಾವಿರವಾಯಿತು. 2025ರ ಆಗಸ್ಟಿನ ಅಧಿಸೂಚನೆಯಲ್ಲಿ ಇಪ್ಪತ್ತು ವರ್ಷ ದಾಟಿದ್ದಕ್ಕೆ ಎರಡು ಸಾವಿರ. ತಡಮಾಡಿದರೆ ಕೇಂದ್ರದ ನಿಯಮದಂತೆ ದ್ವಿಚಕ್ರಕ್ಕೆ ತಿಂಗಳಿಗೆ 300. ನಾಲ್ಕು ವರ್ಷ ಸುಮ್ಮನಿದ್ದರೆ ಇದೊಂದೇ 14,400 ಆಯಿತು. ಮೇಲೆ ಹಸಿರು ತೆರಿಗೆ, ಹೊಸ ವಿಮೆ, ಎಚ್.ಎಸ್.ಆರ್.ಪಿ. ಪ್ಲೇಟು. ಆಮದು ಮಾಡಿದ ಕಾರು ಇಪ್ಪತ್ತು ದಾಟಿದ್ದರೆ ನವೀಕರಣಕ್ಕೇ ಎಂಬತ್ತು ಸಾವಿರ ಎಂದು ಅದೇ ಅಧಿಸೂಚನೆ ಹೇಳುತ್ತದೆ. ಹಳೇ ಜಪಾನಿ ಕಾರಿನ ಕನಸು ಕಾಣುವವರು ಇದನ್ನೂ ಡೈರಿಯಲ್ಲಿ ಬರೆದಿಟ್ಟುಕೊಳ್ಳಬಹುದು.

"ವಿಂಟೇಜ್ ಅದರಿ, ಅದಕ್ಕೇನೂ ಬೇಕಿಲ್ಲ" ಎಂಬ ಇನ್ನೊಂದು ಸುಳ್ಳು ಬಜಾರಿನಲ್ಲಿದೆ. 2021ರ ವಿಂಟೇಜ್ ನಿಯಮ ಐವತ್ತು ವರ್ಷ ದಾಟಿದ, ಮೂಲರೂಪದಲ್ಲೇ ಉಳಿದ ಗಾಡಿಗೆ ಮಾತ್ರ. ಮೊಟ್ಟಮೊದಲ ಆರ್‌ಎಕ್ಸ್‌ಗೂ ಆ ಯೋಗ 2035ಕ್ಕೆ. ಅಷ್ಟರಲ್ಲಿ ಒಳಗೆ 135ರ ಬ್ಲಾಕು ಸೇರಿದ್ದರೆ ಅದೂ ಇಲ್ಲ.

ಇವೆಲ್ಲಕ್ಕಿಂತ ಕೆಟ್ಟದ್ದು ಕಳವಿನ ಗಾಡಿ. ಬೆಲೆ ಏರಿದ ಮೇಲೆ ಆರ್‌ಎಕ್ಸ್ ಕದಿಯುವವರೂ ಹೆಚ್ಚಿದರು. ಗುಜರಿಗೆ ಹೋದ ಗಾಡಿಯ ಆರ್.ಸಿ. ಒಂದು ಕಡೆ, ಕದ್ದ ಗಾಡಿಯ ಚಾಸಿ ಇನ್ನೊಂದು ಕಡೆ. ನಂಬರು ಉಜ್ಜಿ ಹೊಸದಾಗಿ ಬಡಿದರೆ ಎರಡೂ ಸೇರಿ ಒಂದು ಗಾಡಿ. ಮೇಲೆ ಹೊಳೆಯುವ ಪೇಂಟು. ಕದ್ದ ಮಾಲೆಂದು ತಿಳಿದೂ ಇಟ್ಟುಕೊಂಡರೆ ಭಾರತೀಯ ನ್ಯಾಯ ಸಂಹಿತೆಯ 317ನೇ ಕಲಮು. ತಿಳಿಯದೆ ಕೊಂಡರೂ ಗಾಡಿಯಂತೂ ಠಾಣೆಗೆ. ಆದಕಾರಣ ರೊಕ್ಕ ಕೊಡುವ ಮೊದಲು ಹ್ಯಾಂಡಲಿನ ಬುಡದ ಚಾಸಿ ನಂಬರು, ಇಂಜಿನ್ನಿನ ನಂಬರು ಎರಡನ್ನೂ ಬಟ್ಟೆಯಿಂದ ಒರೆಸಿ ಆರ್.ಸಿ.ಗೆ ಹೋಲಿಸಿ ನೋಡಬೇಕು. ಅಕ್ಷರ ಸೊಟ್ಟಗಿದ್ದರೆ, ಅಲ್ಲಿ ಮಾತ್ರ ಪೇಂಟು ದಪ್ಪವಿದ್ದರೆ, ಆರ್.ಸಿ.ಯಲ್ಲಿ ಹೆಸರಿದ್ದವನನ್ನು ಕರೆ ಎಂದಾಗ "ಅವರು ದುಬೈದಾಗ ಅದಾರ" ಎಂದರೆ ಅಲ್ಲಿಂದ ಎದ್ದು ಬರುವುದೇ ಒಳ್ಳೆಯದು.

ಮಾರುವ ಕಾಕಾನಿಗಾದರೋ ಕೆಲಸ ಕಡಿಮೆ. ಕೊಟ್ಟಿಗೆಯ ಗಾಡಿ ಓಡಿಸುವ ಮನಸ್ಸಿಲ್ಲದಿದ್ದರೆ, ಕೊಳ್ಳುವ ಹುಡುಗನನ್ನೇ ಜೊತೆಗೆ ಕರೆದುಕೊಂಡು ಬೆಳಗಿನ ಬಸ್ಸಿಗೆ ರಾಯಚೂರಿಗೆ ಬರಲಿ. ಫಾರಮ್ಮಿನಲ್ಲಿ ಅವನ ಹೆಸರು, ವಿಳಾಸ, ತಾರೀಖು ತುಂಬಿದ ಮೇಲೆಯೇ ಸಹಿ. ಅರ್ಧ ರೊಕ್ಕ ಮುಂಗಡ, ಇನ್ನರ್ಧ ಹೆಸರು ಬದಲಾದ ದಿನ. ಹುಡುಗ ಒಪ್ಪದೆ "ಯಾಕ್ರೀ ಕಾಕಾ, ನನ್ನ ಮ್ಯಾಲೆ ನಂಬಿಕಿ ಇಲ್ಲೇನು?" ಎಂದರೆ ಗಾಡಿ ಇನ್ನೊಂದಿಷ್ಟು ದಿನ ಇಲಿಗಳ ಜೊತೆಯೇ ಇರಲಿ. ಆದರೆ ಅಷ್ಟರಲ್ಲಿ ಖಾಲಿ ಫಾರಮ್ಮಿಗೆ ಸಹಿ ಹಾಕಿ ಕೊಟ್ಟವರು ಈ ಜಿಲ್ಲೆಯಲ್ಲಿ ಬಹಳ ಮಂದಿ ಇದ್ದಾರೆ. ಅವರು ಇವತ್ತು ಸಂಜೆಯೇ ಮನೆಯಲ್ಲಿ ಮಗನ ಮೊಬೈಲು ತೆಗೆದುಕೊಂಡು ತಮ್ಮ ಹಳೇ ಗಾಡಿಯ ನಂಬರು ಹಾಕಿ ನೋಡುವುದು ಮೇಲು. ಹೆಸರು ಇನ್ನೂ ತಮ್ಮದೇ ಇದ್ದರೆ, ಆರ್.ಟಿ.ಓ.ಗೆ ಲಿಖಿತವಾಗಿ ತಿಳಿಸಿ ಸ್ವೀಕೃತಿ ಪಡೆಯಲಿ. ಕೊಂಡವನ ಫೋನ್ ನಂಬರು ಎಲ್ಲಿ ಬರೆದಿಟ್ಟಿದ್ದರೋ ಅದನ್ನೂ ಹುಡುಕಲಿ.